ಸಿಗ್ನಲ್‌ನಲ್ಲಿ ಕಾಯುತ್ತಿದ್ದ ಎಂಜಿನ್

1,80,000 ಕಿಲೋಮೀಟರ್ ಓಡಿರುವ ನನ್ನ ಹಳೆಯ ಪೆಟ್ರೋಲ್ ಕಾರು ತುಮಕೂರು ಹೆದ್ದಾರಿಯಲ್ಲಿ ತಣ್ಣಗೆ ಓಡಿದರೂ, ಯಶವಂತಪುರದ ಸಿಗ್ನಲ್‌ನಲ್ಲಿ ನಿಂತೊಡನೆ ಉಷ್ಣತೆಯ ಮುಳ್ಳು ಮೇಲೇರುತ್ತಿತ್ತು. ವಾಟರ್ ಪಂಪ್ ಬದಲಿಸಬೇಕೆಂದು ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ಆದರೆ ವೇಗದಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿಸುವುದರಿಂದ, ನಿಂತಾಗ ಮಾತ್ರ ಕಾಯುವ ಎಂಜಿನ್ನಿನಲ್ಲಿ ಮೊದಲು ಶಂಕಿಸಬೇಕಾದದ್ದು ರೇಡಿಯೇಟರಿಗೆ ಗಾಳಿ ಹಾಯಿಸುವ ಫ್ಯಾನನ್ನು ಎಂದು ನನಗನ್ನಿಸಿತು. ಫ್ಯೂಸ್ ಸರಿಯಾಗಿತ್ತು. ರೇಡಿಯೇಟರ್‌ನ ತಳದಲ್ಲಿದ್ದು, ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಬಿಸಿಯಾದಾಗ ಫ್ಯಾನನ್ನು ಆನ್ ಮಾಡುವ ಥರ್ಮೋ ಸ್ವಿಚ್‌ನ ಕನೆಕ್ಟರ್ ಕಳಚಿ, ಇಗ್ನಿಷನ್ ಆನ್ ಮಾಡಿ, ಕನೆಕ್ಟರಿನ ಎರಡು ತುದಿಗಳನ್ನು ತಂತಿಯ ತುಂಡಿನಿಂದ ಜೋಡಿಸಿದೊಡನೆ ಫ್ಯಾನ್ ಭರ್ರನೆ ತಿರುಗಿತು. ಅಂದರೆ ಮೋಟಾರು, ರಿಲೇ, ವೈರಿಂಗ್ ಎಲ್ಲವೂ ನೆಟ್ಟಗಿದ್ದು, ಕೆಟ್ಟಿದ್ದದ್ದು ಆ ಸ್ವಿಚ್ ಒಂದೇ. (ಬೆರಳು ಫ್ಯಾನಿನ ಬಳಿ ಇರಲಿಲ್ಲವೆಂಬುದು ನನ್ನ ಪುಣ್ಯ.) ಎಂಜಿನ್ ಪೂರ್ತಿ ಆರಿದ ಮೇಲೆ ಕೂಲಂಟ್ ಇಳಿಸಿ, ಹೊಸ ವಾಷರ್‌ನೊಂದಿಗೆ ಹೊಸ ಸ್ವಿಚ್ ಬಿಗಿದು, ಮತ್ತೆ ಕೂಲಂಟ್ ತುಂಬಿ, ಒಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಹಾಕಿದೆ. ಈಗ ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ನಿಂತರೂ ಮುಳ್ಳು ಅರ್ಧ ದಾಟುವುದಿಲ್ಲ.