ಅಡಾಸಿಟಿಲಿ ವಾಯ್ಸ್ ಟ್ರ್ಯಾಕ್‌ಗೆ ಎಫೆಕ್ಟ್ ಹಾಕೋದು: ಯಾವ್ದು ಮೊದ್ಲು, ಯಾವ್ದು ಆಮೇಲೆ, ಎಷ್ಟು

ಮಂಡ್ಯ ಕಡೆ ಹಳ್ಳಿಗಳಲ್ಲಿ ಹುಡುಗ್ರು ಫೋನ್ ಇಟ್ಕೊಂಡು ಅಜ್ಜಿದೀರ ಹತ್ರ ಸೋಬಾನೆ ಪದ, ರಾಗಿ ಬೀಸೋ ಪದ ಎಲ್ಲ ರೆಕಾರ್ಡ್ ಮಾಡ್ಕೋತಿದ್ದಾರೆ, ತುಂಬ ಒಳ್ಳೆ ಕೆಲ್ಸ. ಆದ್ರೆ ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದ್ರೆ ಫ್ಯಾನ್ ಸದ್ದು, ಹಿಂದ್ಗಡೆ ಗದ್ದೆ ಮೋಟ್ರು, ಕೋಳಿ ಕೂಗು, ಎಲ್ಲ ಅದ್ರಲ್ಲೇ ಇರುತ್ತೆ. ಆಗ ಎಫೆಕ್ಟ್ ಮೆನು ತೆಗೆದು ಸಿಕ್ಕಿದ್ದೆಲ್ಲ ಫುಲ್ ಹಾಕ್ಬುಡ್ತಾರೆ, ಅಜ್ಜಿ ದನಿ ನೀರೊಳಗಿಂದ ಬಂದಂಗೆ ಆಗೋಗುತ್ತೆ. ಎಫೆಕ್ಟ್ ತಪ್ಪಲ್ಲ, ಹಾಕೋ ಆರ್ಡರ್ ಮತ್ತೆ ಅಳತೆ ಗೊತ್ತಿರ್ಬೇಕು ಅಷ್ಟೆ.

ಇಲ್ಲಿ ಹೇಳ್ತಿರೋದು ಅಡಾಸಿಟಿ ಬಗ್ಗೆ. 2000ದಲ್ಲಿ ಬಂದ, ಸೌಂಡ್ ಎಡಿಟ್ ಮಾಡೋ ಸಾಫ್ಟ್‌ವೇರು, ಫ್ರೀ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಫೋನ್ ರೆಕಾರ್ಡಿಂಗ್ ಎಂ4ಎ ಫೈಲ್ ಆಗಿದ್ದು ವಿಂಡೋಸಲ್ಲಿ ಓಪನ್ ಆಗ್ಲಿಲ್ಲ ಅಂದ್ರೆ ಎಫ್ಎಫ್‌ಎಂಪೆಗ್ ಅನ್ನೋ ಲೈಬ್ರರಿ ಹಾಕ್ಕೋಬೇಕು, ಫೈಲ್ ಕೆಟ್ಟೋಗಿದೆ ಅಂತ ಡಿಲೀಟ್ ಮಾಡ್ಬೇಡಿ.

ಫೈಲ್ ಓಪನ್ ಆದ್ಮೇಲೆ ಮೊದ್ಲು ಕಂಟ್ರೋಲ್ ಡಿ ಒತ್ತಿ ಟ್ರ್ಯಾಕಿನ ಕಾಪಿ ಮಾಡ್ಕೊಳಿ, ಒರಿಜಿನಲ್ ಟ್ರ್ಯಾಕ್‌ನ ಮ್ಯೂಟ್ ಮಾಡಿ ಹಂಗೇ ಬುಡಿ. ಎಫೆಕ್ಟ್ ಹಾಕ್ಬೇಕು ಅಂದ್ರೆ ಮೌಸಲ್ಲಿ ಎಳೆದು ಆ ಜಾಗ ಸೆಲೆಕ್ಟ್ ಮಾಡ್ಬೇಕು, ಪೂರ್ತಿ ಟ್ರ್ಯಾಕ್ ಬೇಕಂದ್ರೆ ಅದ್ರ ಎಡಗಡೆ ಪ್ಯಾನಲ್‌ನ ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿದ್ರೆ ಸಾಕು, ಆಮೇಲೆ ಮೇಲ್ಗಡೆ ಎಫೆಕ್ಟ್ ಮೆನುಗೆ ಹೋಗೋದು. ಮೆನುಲಿ ಹೆಸ್ರೆಲ್ಲ ಮಂಕಾಗಿ ಕಾಣ್ತಿದ್ರೆ ಆಡಿಯೋ ಇನ್ನೂ ಪ್ಲೇ ಆಗ್ತಿದೆ ಅಂತ, ಸ್ಟಾಪ್ ಒತ್ತಿ ನೋಡಿ. ಪ್ರಿವ್ಯೂ ಬಟನ್ ಇರೋ ಕಡೆಲ್ಲ ಮೊದ್ಲು ಕೇಳಿ ಆಮೇಲೆ ಓಕೆ ಕೊಡಿ, ಸರಿಯಾಗ್ಲಿಲ್ಲ ಅಂದ್ರೆ ಕಂಟ್ರೋಲ್ ಝಡ್ ಇದ್ದೇ ಇದೆ.

ಮೊದಲ್ನೇ ಕೆಲ್ಸ ಕ್ಲೀನ್ ಮಾಡೋದು. ಯಾಕೆ ಅಂದ್ರೆ ಕಂಪ್ರೆಸರ್ (ಜೋರು, ಮೆತ್ತಗೆ ಸದ್ದನ್ನ ಸಮ ಮಾಡೋ ಎಫೆಕ್ಟ್) ಹಾಕಿ ಸೌಂಡ್ ಏರಿಸಿದ್ಮೇಲೆ ಫ್ಯಾನ್ ಸದ್ದೂ ದನಿ ಜೊತೆಗೇ ಏರುತ್ತೆ, ರಿವರ್ಬ್ (ದೊಡ್ಡ ಕೋಣೆಲಿ ಹಾಡಿದಂಗೆ ಗುಂಗು ಸೇರಿಸೋ ಎಫೆಕ್ಟ್) ಹಾಕಿದ್ಮೇಲಂತೂ ಆ ಸದ್ದಿಗೂ ಗುಂಗು ಸೇರ್ಕೊಂಡು ಬಿಡಿಸೋಕೇ ಆಗಲ್ಲ. ಹೈ ಪಾಸ್ ಫಿಲ್ಟರ್‌ನ (ಕೆಳಗಿನ ದಪ್ಪ ಸದ್ದು ತೆಗೆಯೋದು) 80 ಹರ್ಟ್ಜ್‌ಗೆ ಇಟ್ಟು ಹಾಕಿ, ಮೈಕ್ ಅಲ್ಲಾಡಿದ ದಡಬಡ, ಗಾಳಿ ಬಡಿದ ಸದ್ದು ಸುಮಾರು ಹೋಗುತ್ತೆ. ಅಜ್ಜಿ ಒಬ್ರೇ ಹಾಡ್ತಿದ್ರೆ ದನಿಗೆ ಏನೂ ಆಗಲ್ಲ, ಆದ್ರೆ ಡೊಳ್ಳೋ ತಮಟೆನೋ ಇದ್ರೆ ಇದನ್ನ ಹಾಕೋಕೆ ಮುಂಚೆ ಕೇಳ್ಕೊಳಿ, ಅದ್ರ ಗುದ್ದು ಕೆಳಗ್ಡೆ ಇರುತ್ತೆ. ಇನ್ನು ಕರೆಂಟಿಂದ ಬರೋ ಗುಂಯ್ ಸದ್ದು: ನಮ್ಮ ದೇಶದ ಕರೆಂಟ್ 50 ಹರ್ಟ್ಜ್, ಅದಕ್ಕೆ ಆ ಹಮ್ 50ರಲ್ಲಿ, ಅದ್ರ ಗುಣಕ 100, 150ರಲ್ಲಿ ಕೂತಿರುತ್ತೆ. ನಾಚ್ ಫಿಲ್ಟರ್‌ಲಿ ಒಂದೊಂದೇ ನಂಬರ್ ಹಾಕಿ ತೆಗೀಬೋದು, ಕ್ಯೂ ಅನ್ನೋದನ್ನ ಸ್ವಲ್ಪ ಜಾಸ್ತಿ ಇಡಿ, ಆಗ ಅಷ್ಟಗಲ ಮಾತ್ರ ಕಟ್ ಆಗುತ್ತೆ. ಅಮೆರಿಕದವ್ರ ವಿಡಿಯೋ ನೋಡಿ 60 ಅಂತ ಹಾಕಿದ್ರೆ ಇಲ್ಲಿ ಏನೂ ಆಗಲ್ಲ, ಅಲ್ಲಿ ಕರೆಂಟೇ 60.

ಆಮೇಲೆ ನಾಯ್ಸ್ ರಿಡಕ್ಷನ್, ಜನ ಜಾಸ್ತಿ ಎಡವೋದು ಇಲ್ಲೇ. ಯಾರೂ ಮಾತಾಡದೆ ಬರೀ ಫ್ಯಾನ್ ಸದ್ದಿರೋ ಒಂದೆರ್ಡು ಸೆಕೆಂಡ್ ಸೆಲೆಕ್ಟ್ ಮಾಡಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ, ಬಾಕ್ಸ್ ಮುಚ್ಕೊಳುತ್ತೆ. ಈಗ ಪೂರ್ತಿ ಟ್ರ್ಯಾಕ್ ಸೆಲೆಕ್ಟ್ ಮಾಡಿ ಅದೇ ಎಫೆಕ್ಟ್ ಮತ್ತೆ ತೆಗೆದು ಓಕೆ ಕೊಡ್ಬೇಕು. ರಿಡಕ್ಷನ್ 6ರಿಂದ 12 ಡೆಸಿಬೆಲ್ ಒಳಗೇ ಇರ್ಲಿ. ಸದ್ದು ಇನ್ನೂ ಉಳಿದಿದೆ ಅಂತ 24, 30ಕ್ಕೆ ಏರಿಸ್ಬೇಡಿ, ಸ್ವಲ್ಪ ಫ್ಯಾನ್ ಸದ್ದು ಉಳಿದ್ರೆ ಕೇಳೋರಿಗೆ ಬೇಜಾರಿಲ್ಲ, ದನಿ ಕೆಟ್ರೆ ಮಾತ್ರ ಕೇಳೋಕಾಗಲ್ಲ. ಓಕೆ ಕೊಡೋ ಮುಂಚೆ ರೆಸಿಡ್ಯೂ ಅನ್ನೋ ಆಪ್ಷನ್ ಒತ್ತಿ ಪ್ರಿವ್ಯೂ ಕೇಳಿ, ಏನೇನು ಕಿತ್ತು ಹೋಗ್ತಿದೆಯೋ ಅದು ಮಾತ್ರ ಕೇಳುತ್ತೆ. ಅಲ್ಲಿ ಬರೀ ಸೊಂಯ್ ಅಂತಿದ್ರೆ ಸರಿ, ಪದದ ಮಾತುಗಳು ಕೇಳಿಸ್ತಾ ಇದ್ರೆ ನೀವು ಅಜ್ಜಿ ದನಿನೇ ಕೀಳ್ತಿದ್ದೀರ ಅಂತ ಅರ್ಥ, ನಂಬರ್ ಇಳಿಸಿ. ಆಮೇಲೆ ಮರೀದೆ ವಾಪಸ್ ರಿಡ್ಯೂಸ್‌ಗೆ ತನ್ನಿ.

ಕನ್ನಡಕ್ಕೆ ಇನ್ನೊಂದು ವಿಷ್ಯ ನೋಡ್ಕೋಬೇಕು. ನಮ್ಮ ಮಾತು ಬಹುಪಾಲು ಸ್ವರದಲ್ಲೇ ಮುಗಿಯುತ್ತೆ, ಬಂದ್ರು, ಹೋದ್ಲು, ತಾಯೀ ಅಂತ, ಆ ಕೊನೆ ಸ್ವರನ ವಯಸ್ಸಾದೋರು ಮೆತ್ತಗೆ ಇಳಿಸಿ ಬುಡ್ತಾರೆ. ನಾಯ್ಸ್ ರಿಡಕ್ಷನ್ ಜಾಸ್ತಿ ಆದ್ರೆ ಮೊದ್ಲು ಹೋಗೋದೇ ಅದು, ಸಾಲಿನ ಕೊನೆ ಪಟ್ ಅಂತ ಕಟ್ ಆದಂಗೆ ಕೇಳುತ್ತೆ. ಅದಕ್ಕೆ ಚೆಕ್ ಮಾಡುವಾಗ ಸಾಲಿನ ಶುರು ಬೇಡ, ಪ್ರತಿ ಸಾಲಿನ ಕೊನೆ ಕೇಳಿ. ಜೊತೆಗೆ ಸ, ಶ ಬರೋ ಕಡೆ ಕಿವಿ ಇಡಿ, ಅವೂ ಸೊಂಯ್ ಅನ್ನೋ ಸದ್ದಿನ ತರಾನೇ ಇರೋದ್ರಿಂದ ಜೊತೆಗೆ ಕಿತ್ತು ಹೋಗ್ಬೋದು.

ಕ್ಲೀನ್ ಆಯ್ತು ಅಂದ್ಮೇಲೆ ಬಾಸ್ ಅಂಡ್ ಟ್ರೆಬಲ್‌ಲಿ ಒಂದೆರ್ಡು ಡೆಸಿಬೆಲ್ ಹೆಚ್ಚು ಕಮ್ಮಿ ಮಾಡ್ಕೊಳಿ, ಅದಕ್ಕಿಂತ ಬೇಕಾಗಲ್ಲ.

ಕಂಪ್ರೆಸರ್ ಕೆಲ್ಸ ಅಂದ್ರೆ ಜೋರಾಗಿರೋದನ್ನ ತಗ್ಗಿಸಿ ಮೆತ್ತಗಿರೋದ್ರ ಹತ್ರಕ್ಕೆ ತರೋದು. ರೇಶಿಯೋ (ಎಷ್ಟು ಅದುಮ್ಬೇಕು ಅನ್ನೋದು) 2 ಇಲ್ಲ 3, ಥ್ರೆಶೋಲ್ಡ್ (ಎಷ್ಟು ಜೋರಾದ್ಮೇಲೆ ಅದುಮ್ಬೇಕು ಅನ್ನೋದು) ಮೈನಸ್ 18 ಡೆಸಿಬೆಲ್ ಆಸುಪಾಸು ಇಟ್ಟು ಶುರು ಮಾಡಿ. ಆದ್ರೆ ಕಂಸಾಳೆ ಪದ ರೆಕಾರ್ಡ್ ಮಾಡಿದ್ರೆ ಹುಷಾರು. ಕಂಚಿನ ತಾಳ ಝಣ್ ಅಂದಾಗ್ಲೆಲ್ಲ ಕಂಪ್ರೆಸರ್ ಅದನ್ನ ಜೋರು ಅಂದ್ಕೊಂಡು ಪೂರ್ತಿ ಟ್ರ್ಯಾಕ್‌ನ ಅದುಮುತ್ತೆ, ಆ ಗಳಿಗೆಲಿ ಮಾದೇಶ್ವರನ ಕಥೆ ಹೇಳ್ತಿರೋರ ದನಿನೂ ಒಳಗೆ ಹೋಗುತ್ತೆ. ಅಂಥ ಕಡೆ ತಾಳದ ಆ ಚೂಪು ಏಟುಗಳನ್ನ ಮಾತ್ರ ಜೂಮ್ ಮಾಡಿ ಸೆಲೆಕ್ಟ್ ಮಾಡಿ, ಆಂಪ್ಲಿಫೈಲಿ ಮೈನಸ್ 4, 5 ಕೊಟ್ಟು ಇಳಿಸೋದು ವಾಸಿ. ಟೈಮ್ ಹಿಡಿಯುತ್ತೆ, ಆದ್ರೆ ಒಂದ್ಸಲ ಮಾಡಿದ್ಮೇಲೆ ಕಂಟ್ರೋಲ್ ಆರ್ ಒತ್ತಿದ್ರೆ ಅದೇ ಎಫೆಕ್ಟ್ ರಿಪೀಟ್ ಆಗುತ್ತೆ. ಸಾಧ್ಯ ಇದ್ರೆ ಹಾಡೋರಿಗೆ ಒಂದು ಫೋನು ತಾಳಕ್ಕೆ ಇನ್ನೊಂದು ಫೋನು ಇಟ್ಟು ಬೇರೆ ಬೇರೆ ರೆಕಾರ್ಡ್ ಮಾಡ್ಬುಡಿ.

ರಿವರ್ಬ್ ಕೊನೇಲಿ. ನಿಜವಾದ ಪದ, ಮನೆ ಹಜಾರದಲ್ಲಿ ಹಾಡಿದ್ದು ಅಂದ್ರೆ ನಂಗೆ ರಿವರ್ಬ್ ಬೇಡ್ವೇ ಬೇಡ, ಆ ಹಜಾರ ಕೇಳ್ಬೇಕು. ಆಡಿಯೋ ನಾಟಕ ಮಾಡ್ತಿದ್ರೆ ಬೇರೆ ಮಾತು, ದೇವಸ್ಥಾನದ ಮಂಟಪದ ಸೀನ್‌ಗೆ ಬೇಕೇ ಬೇಕು. ವೆಟ್ ಗೇನ್‌ನ (ಗುಂಗು ಎಷ್ಟು ಜೋರಿರ್ಬೇಕು ಅನ್ನೋದು) ಮೈನಸ್ 12, 15ಕ್ಕೆ ಇಳಿಸಿ ಕೇಳಿ. ಟ್ರ್ಯಾಕ್ ಕೊನೇಲಿ ಜನರೇಟ್ ಮೆನುಯಿಂದ ಎರಡ್ಮೂರು ಸೆಕೆಂಡ್ ಸೈಲೆನ್ಸ್ ಸೇರಿಸಿ, ಇಲ್ಲಾಂದ್ರೆ ಗುಂಗು ಮುಗಿಯೋ ಮುಂಚೆನೇ ಕತ್ತರಿಸಿದಂಗೆ ನಿಲ್ಲುತ್ತೆ. 3.2 ವರ್ಷನ್ ಮೇಲಿದ್ರೆ ಟ್ರ್ಯಾಕ್ ಪಕ್ಕದ ಎಫೆಕ್ಟ್ಸ್ ಬಟನ್ ಒತ್ತಿ ರಿವರ್ಬ್ ಸೇರಿಸ್ಬೋದು, ಪ್ಲೇ ಆಗ್ತಿರುವಾಗ್ಲೇ ಹೆಚ್ಚು ಕಮ್ಮಿ ಮಾಡ್ಬೋದು, ಬೇಡ ಅನಿಸಿದ್ರೆ ಯಾವಾಗ್ಲಾದ್ರೂ ತೆಗೀಬೋದು. ನಾಯ್ಸ್ ರಿಡಕ್ಷನ್ ಮಾತ್ರ ಮೆನುಯಿಂದ್ಲೇ ಹಾಕ್ಬೇಕು. ಫೋನಲ್ಲಿ ಮಾತಾಡೋ ಸೀನ್‌ಗೆ ಫಿಲ್ಟರ್ ಕರ್ವ್ ಈಕ್ಯೂಲಿ ಟೆಲಿಫೋನ್ ಅಂತ್ಲೇ ಪ್ರೀಸೆಟ್ ಇದೆ.

ಹಿನ್ನೆಲೆಗೆ ದೇವರಾಜ ಮಾರ್ಕೆಟ್ ಗದ್ದಲನೋ ಆಲೆಮನೆ ಗಾಣದ ಸದ್ದೋ ಹಾಕ್ತೀರ ಅಂದ್ರೆ ಆಟೋ ಡಕ್ ಉಪ್ಯೋಗಿಸಿ. ಗದ್ದಲದ ಟ್ರ್ಯಾಕ್ ಮೇಲೆ, ಮಾತಿನ ಟ್ರ್ಯಾಕ್ ಅದ್ರ ಕೆಳಗ್ಡೆನೇ ಇರ್ಬೇಕು, ಸೆಲೆಕ್ಟ್ ಮಾಡೋದು ಗದ್ದಲದ್ದು. ಮಾತು ಬಂದಾಗ ಗದ್ದಲ ತಾನೇ ತಗ್ಗುತ್ತೆ.

ಎಲ್ಲ ಮುಗಿದ್ಮೇಲೆ ಲೌಡ್‌ನೆಸ್ ನಾರ್ಮಲೈಸೇಷನ್. ಪಾಡ್‌ಕಾಸ್ಟ್‌ಗೆ ಸ್ಟೀರಿಯೋ ಆದ್ರೆ ಮೈನಸ್ 16, ಮೋನೋ ಆದ್ರೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಕೇಳುತ್ತೆ ಅನ್ನೋದ್ರ ಅಳತೆ). ಎಕ್ಸ್‌ಪೋರ್ಟ್ ಮಾಡುವಾಗ ಮ್ಯೂಟ್ ಮಾಡಿದ ಒರಿಜಿನಲ್ ಟ್ರ್ಯಾಕ್ ಹಂಗೇ ಮ್ಯೂಟಲ್ಲಿದ್ಯಾ ನೋಡ್ಕೊಳಿ. ಹಂಚೋಕೆ ಎಂಪಿ3, ಇಟ್ಕೊಳೋಕೆ ವೇವ್, ಫೋನಿಂದ ಬಂದ ಮೊದಲ್ನೇ ಫೈಲ್‌ನ ಮಾತ್ರ ಏನೂ ಮುಟ್ಟದೆ ಇನ್ನೊಂದು ಡಿಸ್ಕಲ್ಲೂ ಇಡಿ, ಅಜ್ಜಿ ಮನೆಯೋರಿಗೂ ಒಂದು ಕಾಪಿ ಕೊಡಿ.