ಬರೀ ಇಸ್ಪೀಟೆಲೆಗಳಿಂದ ಮುಕ್ಕಾಲು ಗಂಟೆ

ಆರನೆಯ ಆಟಕ್ಕೆ ಕಟ್ಟನ್ನು ಬಿಚ್ಚಿ ಹರಡುವಷ್ಟರಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು, ನಾನು ಕೇಳುವ ಮೊದಲೇ ಕೈ ಚಾಚಿ, "ಅಂಕಲ್, ಇದರಲ್ಲೂ ಒಂದು ಎಲೆ ಆರಿಸಿಕೊಳ್ಳಬೇಕಾ?" ಎಂದಳು. ದನಿಯಲ್ಲಿ ಕುಹಕವೇನೂ ಇರಲಿಲ್ಲ, ನನಗೆ ಸಹಾಯ ಮಾಡುವ ಉಮೇದು ಅಷ್ಟೆ. ಸಭೆ ಗೊಳ್ಳೆಂದು ನಕ್ಕಿತು. ಆ ಸಂಜೆ ನನಗೆ ಸಿಕ್ಕ ಅತಿ ದೊಡ್ಡ ನಗು ಅದೇ. ಪಟ್ಟಿಯಲ್ಲಿ ಅದಾದ ಮೇಲೆ ಇನ್ನೂ ಎಂಟು ಆಟಗಳಿದ್ದವು. ಅವುಗಳಲ್ಲಿ ಐದಕ್ಕೆ ಯಾರಾದರೂ ಒಂದು ಎಲೆ ಆರಿಸಲೇಬೇಕಿತ್ತು.

ಒಂದೇ ಒಂದು ಇಸ್ಪೀಟು ಕಟ್ಟು ಹಿಡಿದು ಇಡೀ ಜಾದೂ ಪ್ರದರ್ಶನ ನಡೆಸುತ್ತೇನೆ ಎಂದು ಹೊರಟವನು ನಾನೇ, ಯಾರೂ ಒತ್ತಾಯ ಮಾಡಿರಲಿಲ್ಲ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಹಗ್ಗ, ಉಕ್ಕಿನ ಬಳೆಗಳು, ರೇಷ್ಮೆ ಕರವಸ್ತ್ರ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಹೊತ್ತು ತಿರುಗಿದ್ದೆ. ಹುಚ್ಚು ಇದ್ದದ್ದು ಮಾತ್ರ ಎಲೆಗಳ ಮೇಲೆ. ಬಸ್ಸಿನಲ್ಲಿ ಕೂತರೂ ಕೈ ತನ್ನಷ್ಟಕ್ಕೆ ಕಟ್ಟನ್ನು ಎರಡು ಪಾಲು ಮಾಡಿ ಕಲೆಸುತ್ತಿರುತ್ತದೆ. ಕೈಚಳಕದ ಮೊದಲ ಪಾಠ ಹೇಳಿಕೊಟ್ಟ ಹಿರಿಯರೊಬ್ಬರ ಬಳಿ ನನ್ನ ಯೋಚನೆ ಹೇಳಿದಾಗ ಅವರು, "ಹದಿನೈದು ನಿಮಿಷ ಆದ ಮೇಲೆ ಜನ ನಿನ್ನ ಎಲೆ ನೋಡುವುದಿಲ್ಲಪ್ಪ, ಗಡಿಯಾರ ನೋಡುತ್ತಾರೆ" ಎಂದರು. ನಾನು ದೊಡ್ಡವರ ಹೆಸರು ಹಿಡಿದು ವಾದಕ್ಕೆ ನಿಂತೆ. 19ನೇ ಶತಮಾನದ ವಿಯೆನ್ನಾದಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡಿದ್ದ ಹಾಫ್‌ಜಿನ್ಸರ್ ಹೆಸರು ಮಾಡಿದ್ದು ಎಲೆಗಳಿಂದಲೇ ಅಲ್ಲವೇ? ರಿಕಿ ಜೇ 1994ರಲ್ಲಿ ನ್ಯೂಯಾರ್ಕಿನ ರಂಗಮಂದಿರದಲ್ಲಿ 52 ಎಲೆಗಳನ್ನೇ ತನ್ನ ಸಹಾಯಕರು ಎಂದು ಕರೆದುಕೊಂಡು ಸಂಜೆಯಿಡೀ ಜನರನ್ನು ಕೂರಿಸಲಿಲ್ಲವೇ? ಅರ್ಜೆಂಟೀನಾದ ರೆನೆ ಲಾವಾಂಡ್, ಬಾಲ್ಯದಲ್ಲೇ ಬಲಗೈ ಕಳೆದುಕೊಂಡವರು, ಉಳಿದ ಒಂದೇ ಕೈಯಲ್ಲಿ ದೇಶದೇಶಗಳನ್ನು ಬೆರಗುಗೊಳಿಸಲಿಲ್ಲವೇ? ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ಮಾಡಿ ನೋಡು" ಎಂದರು.

ಮಾಡಿ ನೋಡಿದೆ. ಹದಿನಾಲ್ಕು ಆಟ, ಐವತ್ತು ನಿಮಿಷ. ಕೈ ಎಲ್ಲಿಯೂ ತಪ್ಪಲಿಲ್ಲ. ಚಪ್ಪಾಳೆಯೂ ಬಿತ್ತು, ಆದರೆ ಮದುವೆಯಾಗದ ವರನನ್ನು ಸಮಾಧಾನ ಮಾಡುವಾಗ ಬೆನ್ನು ತಟ್ಟುತ್ತಾರಲ್ಲ, ಆ ಬಗೆಯದು.

ರಾತ್ರಿ ನಿದ್ದೆ ಬಾರದೆ ಎದ್ದು ಕೂತು ಒಂದು ಕೆಲಸ ಮಾಡಿದೆ. ಹದಿನಾಲ್ಕು ಆಟಗಳನ್ನೂ ನೋಟ್‌ಪುಸ್ತಕದಲ್ಲಿ ಒಂದೊಂದು ಸಾಲಿನಲ್ಲಿ ಬರೆದೆ. ನನ್ನ ಕೈ ಏನು ಮಾಡುತ್ತದೆ ಎಂಬುದನ್ನು ಬಿಟ್ಟು, ಮನೆಗೆ ಹೋದ ಪ್ರೇಕ್ಷಕ ಅದನ್ನು ಹೇಗೆ ಹೇಳುತ್ತಾನೆ ಎಂಬುದನ್ನು ಮಾತ್ರ ಬರೆದೆ. ಮೊದಲನೆಯದು: ಒಬ್ಬರು ಎಲೆ ತೆಗೆದರು, ಅವನು ಅದನ್ನು ಕಂಡುಹಿಡಿದ. ಎರಡನೆಯದು: ಒಬ್ಬರು ಎಲೆ ತೆಗೆದರು, ಅವನು ಅದನ್ನು ಕಂಡುಹಿಡಿದ. ಮೂರನೆಯದು ಎಲೆಯೊಂದು ಮತ್ತೆ ಮತ್ತೆ ಕಟ್ಟಿನ ಮೇಲಕ್ಕೆ ಬರುವ ಆಟ, ಅದು ಬೇರೆ. ನಾಲ್ಕನೆಯದು ಮತ್ತೆ ಅದೇ. ಹೀಗೆ ಒಂಬತ್ತು ಸಾಲುಗಳು ಒಂದೇ ಅಚ್ಚಿನವಾಗಿದ್ದವು. ಒಳಗೆ ಆ ಒಂಬತ್ತಕ್ಕೂ ಒಂಬತ್ತು ಬಗೆಯ ಕೈಚಳಕ, ಕೆಲವಕ್ಕೆ ವರ್ಷಗಟ್ಟಲೆ ಬೆವರು. ಹೊರಗಿನವರ ಪಾಲಿಗೆ ನಾನು ಒಂದೇ ಕಥೆಯನ್ನು ಒಂಬತ್ತು ಸಲ ಹೇಳಿದ್ದೆ. ಆ ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು?

ದೊಡ್ಡವರನ್ನು ನೋಡುವಾಗಲೂ ನಾನು ಅವರ ಬೆರಳುಗಳನ್ನಷ್ಟೇ ನೋಡಿದ್ದೆ. ರಿಕಿ ಜೇ ಹಳೆಯ ಕಾಲದ ಜೂಜುಕೋರರ, ಮೋಸಗಾರರ ಕಥೆ ಹೇಳುತ್ತಿದ್ದರು, ಎಲೆಯನ್ನು ಬೀಸಿ ಎಸೆದು ಕಲ್ಲಂಗಡಿಯ ಸಿಪ್ಪೆಗೆ ನಾಟಿಸುತ್ತಿದ್ದರು. ಲಾವಾಂಡ್ ತಾವು ಮಾಡಿದ್ದನ್ನೇ ಇನ್ನೂ ನಿಧಾನವಾಗಿ, ಮತ್ತೂ ನಿಧಾನವಾಗಿ ಮಾಡುತ್ತಿದ್ದರು. ಅವರು ಬೇಗ ಮಾಡುತ್ತಾರೆ, ಅದಕ್ಕೇ ಕಾಣುವುದಿಲ್ಲ ಎನ್ನುವ ಬಾಯಿ ಅಲ್ಲಿಗೆ ಮುಚ್ಚುತ್ತಿತ್ತು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಕಲಿತಿರಲಿಲ್ಲ.

ಆ ಒಂಬತ್ತರಲ್ಲಿ ಏಳನ್ನು ಕಿತ್ತುಹಾಕಿದೆ. ಬದಲಿಗೆ ಏನು ಎನ್ನುವುದಕ್ಕೆ ಆರು ತಿಂಗಳು ಹಿಡಿಯಿತು. ಹುಡುಕತೊಡಗಿದರೆ ಎಲೆಗಳಲ್ಲಿ ಬೇರೆ ಬೇರೆ ಕಥೆಗಳಿಗೆ ಬರವಿಲ್ಲ: ಎಲೆ ಹರಿದು ಮತ್ತೆ ಕೂಡಿಕೊಳ್ಳಬಹುದು, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗಬಹುದು, ಚೆಲ್ಲಾಪಿಲ್ಲಿಯಾದ ಕಟ್ಟು ಸಾಲಾಗಿ ನಿಲ್ಲಬಹುದು, ನಾಲ್ವರೊಂದಿಗೆ ಆಟಕ್ಕೆ ಕೂತ ಮೋಸಗಾರ ಹೇಗೆ ಹಂಚುತ್ತಾನೆ ಎಂದು ತೋರಿಸಬಹುದು. ಮೋಸಗಾರನ ಭಾಗಕ್ಕೆ ಸಭೆ ಮುಂದಕ್ಕೆ ಬಾಗುವಷ್ಟು ಬೇರಾವುದಕ್ಕೂ ಬಾಗುವುದಿಲ್ಲ. ಬೇರೆಯವರ ಹಣ ಹೇಗೆ ಹೋಗುತ್ತದೆ ಎಂದು ನೋಡುವುದರಲ್ಲಿ ಮನುಷ್ಯನಿಗೆ ಅದೇನೋ ಖುಷಿ.

ಕಾಣಿಸುವ ಸಮಸ್ಯೆ ಇನ್ನೊಂದು. ನಾವು ಬಳಸುವ ದೊಡ್ಡ ಅಳತೆಯ ಎಲೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ಐದನೇ ಸಾಲು ದಾಟಿದರೆ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಇಸ್ಪೇಟಿನ ಎಕ್ಕ ಮಾತ್ರ ಕೊನೆಯ ಸಾಲಿಗೂ ಕಾಣುತ್ತದೆ: ಬಿಳಿಯ ನಡುವೆ ಒಂದು ದೊಡ್ಡ ಕಪ್ಪು ಗುರುತು. ಕೆಂಪು, ಕಪ್ಪು ಎಂಬ ಭೇದವೂ ಕಾಣುತ್ತದೆ. ಹಾಗಾಗಿ ದೂರದವರು ನೋಡಿಯೇ ತಿಳಿಯಬೇಕಾದ ಕಡೆ ಎಕ್ಕಗಳನ್ನೂ ಬಣ್ಣವನ್ನೂ ಬಿಟ್ಟು ಬೇರೆ ಯಾವುದನ್ನೂ ಇಟ್ಟುಕೊಂಡಿಲ್ಲ. ಎಲೆಯನ್ನು ಮುಖದ ಪಕ್ಕದಲ್ಲಿ ಎತ್ತಿ ಹಿಡಿಯುವುದನ್ನು ಕಲಿತೆ. ಮೊದಲು ಎದೆಯ ಮುಂದೆ ಹಿಡಿಯುತ್ತಿದ್ದೆ, ಬಿಳಿ ಅಂಗಿಯಲ್ಲಿ ಬಿಳಿ ಎಲೆ ಕರಗಿಹೋಗುತ್ತಿತ್ತು. ಈಗ ಕಡುನೀಲಿ ಅಂಗಿ ತೊಡುತ್ತೇನೆ. ಮೇಜನ್ನೂ ಬಹುಮಟ್ಟಿಗೆ ಕೈಬಿಟ್ಟೆ. ಮೇಜಿನ ಮೇಲೆ ನಡೆಯುವುದನ್ನು ಮುಂದಿನ ಸಾಲಿನವರು ಕತ್ತು ನೀಡಿ ನೋಡುತ್ತಾರೆ, ಹಿಂದಿನವರಿಗೆ ಮುಂದಿನವರ ಕತ್ತು ಕಾಣುತ್ತದೆ.

ತಟ್ಟೆಯಷ್ಟು ದೊಡ್ಡ ಎಲೆಗಳು ಸಿಗುತ್ತವೆ. ನನಗೆ ಆಗಿಬರುವುದಿಲ್ಲ. ಅವನ್ನು ಕಂಡ ಕೂಡಲೇ ಇದು ಜಾದೂ ಸಾಮಾನು ಎಂದು ಜನರಿಗೆ ಗೊತ್ತಾಗುತ್ತದೆ. ಮಾಮೂಲಿ ಕಟ್ಟಿನ ಜೀವಾಳವೇ ಅದು ಎಲ್ಲರ ಮನೆಯಲ್ಲೂ ಇರುವಂಥದ್ದು ಎನ್ನುವುದರಲ್ಲಿದೆ. ಕ್ಯಾಮೆರಾ ಇಟ್ಟು ಪರದೆಯ ಮೇಲೆ ತೋರಿಸುವುದನ್ನೂ ಎರಡು ಸಲ ಪ್ರಯತ್ನಿಸಿದೆ. ಎಲ್ಲರೂ ನನ್ನನ್ನು ಬಿಟ್ಟು ಪರದೆ ನೋಡತೊಡಗಿದರು, ಪರದೆಯಲ್ಲಿ ಯಾವ ಅದ್ಭುತ ನಡೆದರೂ ಯಾರಿಗೆ ಬೆರಗು? ನೂರಿಪ್ಪತ್ತು ಆಸನಕ್ಕಿಂತ ದೊಡ್ಡ ಸಭಾಂಗಣವಾದರೆ ಬರೀ ಎಲೆಗಳ ಪ್ರದರ್ಶನಕ್ಕೆ ನಾನು ಒಪ್ಪುವುದಿಲ್ಲ. ಅದಕ್ಕಿಂತ ಬಹಳ ದೊಡ್ಡ ಮಂದಿರಗಳಲ್ಲಿ ಎಲೆಗಳಿಂದ ಗೆದ್ದವರಿದ್ದಾರೆ. ಹೋವರ್ಡ್ ಥರ್ಸ್ಟನ್ 1900ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ ಎಲೆಗಳ ಆಟವನ್ನೇ ತೋರಿಸಿದವರು. ಜನ ಕೇಳಿದ ಎಲೆ ಕಟ್ಟಿನಿಂದ ತಾನಾಗಿ ಮೇಲೇಳುವುದು ಅವರ ಹೆಸರುವಾಸಿ ಆಟ. ಎಲೆಯ ಮುಖ ಕಾಣದಿದ್ದರೂ ಅದು ಮೇಲೇರುವುದು ಕಾಣುತ್ತದಲ್ಲ. ನನ್ನಲ್ಲಿ ಆ ಶಕ್ತಿ ಇಲ್ಲ, ನನ್ನದು ಮಾತಿನ ದಾರಿ.

ನನ್ನ ಪ್ರದರ್ಶನವನ್ನು ನಿಜವಾಗಿ ಉಳಿಸಿದ ಆಟ ಬಹಳ ಹಳೆಯದು. ಇಬ್ಬರನ್ನು ವೇದಿಕೆಗೆ ಕರೆದು ಎದುರುಬದುರು ಕುರ್ಚಿಗಳಲ್ಲಿ ಕೂರಿಸುತ್ತೇನೆ. ಒಬ್ಬೊಬ್ಬರೂ ಹತ್ತು ಎಲೆಗಳನ್ನು ಸಭೆಗೆ ಕೇಳುವಂತೆ ಎಣಿಸಬೇಕು. ಅವು ಲಕೋಟೆಗೆ ಹೋಗುತ್ತವೆ, ಲಕೋಟೆಯ ಮೇಲೆ ಅವರು ಕೂತುಬಿಡಬೇಕು. ನಾನು ಏಳೆಂಟು ಹೆಜ್ಜೆ ದೂರ ಹೋಗಿ ನಿಂತು ಮೂರು ಸಲ ಚಿಟಿಕೆ ಹೊಡೆಯುತ್ತೇನೆ. ಒಬ್ಬರ ಲಕೋಟೆಯಿಂದ ಮೂರು ಎಲೆ ಇನ್ನೊಬ್ಬರ ಲಕೋಟೆಗೆ ಹೋಗಿರುತ್ತವೆ. ಹೇಗೆ ಎಂದು ಇಲ್ಲಿ ಹೇಳುವುದಿಲ್ಲ.

ಮೊದಲ ಸಲ ಇದನ್ನು ಮಾಡಿದಾಗ ಎಡಗಡೆಯ ಕುರ್ಚಿಗೆ ಬಂದವರು ಬದುಕೆಲ್ಲ ಲೆಕ್ಕ ಬರೆದವರಂತೆ ಕಾಣುವ ಒಬ್ಬ ವೃದ್ಧರು. ಎದ್ದು ಲಕೋಟೆ ಬಿಡಿಸಿ, ಒಂದೊಂದೇ ಎಲೆಯನ್ನು ಕುರ್ಚಿಯ ಮೇಲೆ ಇಡುತ್ತ ಎಣಿಸತೊಡಗಿದರು. ಐದು, ಆರು, ಏಳು. ಕೈ ಲಕೋಟೆಯೊಳಗೇ ನಿಂತಿತು. ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದರು. ಬಗ್ಗಿ ಕುರ್ಚಿಯ ಕೆಳಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, "ತಡೆಯಿರಿ" ಎಂದು ನನಗೆ ಹೇಳಿ ಒಂದರಿಂದ ಎಣಿಸಲು ಶುರುಮಾಡಿದರು. ನಾನು ಏನೂ ಮಾಡುತ್ತಿರಲಿಲ್ಲ. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಅಷ್ಟರಲ್ಲಿ ಬಲಗಡೆ ಕೂತಿದ್ದ ಮಹಿಳೆ ತಮ್ಮ ಲಕೋಟೆಯನ್ನು ಮೆಲ್ಲಗೆ ಒತ್ತಿ ನೋಡುವುದನ್ನು ಯಾರೋ ಕಂಡರು. ನಗು ಸಟ್ಟನೆ ಇಳಿಯಿತು. ಆಕೆ ಎಣಿಸತೊಡಗಿದರು. ಹತ್ತು ಎಂದಾಗ ನಿಶ್ಶಬ್ದ. ಹನ್ನೊಂದಕ್ಕೆ ಗದ್ದಲ. ಹನ್ನೆರಡು, ಹದಿಮೂರನ್ನು ಇಡೀ ಸಭೆಯೇ ಕೂಗಿತು.

ಆ ಎಂಟು ನಿಮಿಷದಲ್ಲಿ ಯಾವ ಎಲೆಯ ಮುಖವನ್ನೂ ಯಾರೂ ನೋಡಿರಲಿಲ್ಲ. ಕೊನೆಯ ಸಾಲಿಗೆ ಆ ವೃದ್ಧರ ಮುಖ ಚೆನ್ನಾಗಿ ಕಾಣುತ್ತಿತ್ತು.

ಅಂದಿನಿಂದ ಆಟಗಳನ್ನು ಆರಿಸುವಾಗ ನಾನು ನೋಡುವುದು, ಮುಖ್ಯವಾದ ಗಳಿಗೆಯಲ್ಲಿ ಎಲೆಗಳು ಯಾರ ಕೈಯಲ್ಲಿ ಇರುತ್ತವೆ ಎಂದು. ನನ್ನ ಕೈಯಲ್ಲಿದ್ದರೆ ಅನುಮಾನ. ಈ ಲೆಕ್ಕಕ್ಕೆ ನನ್ನ ಅಚ್ಚುಮೆಚ್ಚಿನ ಒಂದು ಭಾಗವೇ ಬಲಿಯಾಯಿತು. ಕಟ್ಟನ್ನು ಸರಿಯಾಗಿ 26-26 ಮಾಡಿ, ಒಂದರೊಳಗೆ ಒಂದು ಎಲೆ ಕೂರುವಂತೆ, ಮೊದಲ ಎಲೆಯೂ ಕೊನೆಯ ಎಲೆಯೂ ಅಲುಗದಂತೆ ಎಂಟು ಸಲ ಕಲೆಸಿದರೆ ಇಡೀ ಕಟ್ಟು ಮೊದಲಿದ್ದ ಕ್ರಮಕ್ಕೇ ಮರಳುತ್ತದೆ. ಇದರಲ್ಲಿ ಯಾವ ಮೋಸವೂ ಇಲ್ಲ, ಶುದ್ಧ ಗಣಿತ ಮತ್ತು ಬೆರಳು. ಕೈಗೆ ಹತ್ತಿಸಿಕೊಳ್ಳಲು ನನಗೆ ಒಂದೂವರೆ ವರ್ಷ ಬೇಕಾಯಿತು. ವೇದಿಕೆಯಲ್ಲಿ ಮಾಡಿದಾಗ ಮೂರನೇ ಸಲ ಕಲೆಸುವಷ್ಟರಲ್ಲಿ ಜನ ಮೊಬೈಲ್ ತೆಗೆದರು. ಈಗ ಅದು ಮನೆಯಲ್ಲಿ, ನನಗೊಬ್ಬನಿಗೇ.

ಕಲೆಸುವ ಬಗ್ಗೆ ಮಾತು ಮಾತ್ರ ಪ್ರದರ್ಶನದಲ್ಲಿ ಉಳಿದಿದೆ. ಕಟ್ಟನ್ನು ಸಭೆಗೆ ಕೊಟ್ಟು, ಏಳು ಜನ ಒಂದೊಂದು ಸಲ ಕಲೆಸಲಿ ಎನ್ನುತ್ತೇನೆ. ಎರಡು ಪಾಲು ಮಾಡಿ ಒಂದರೊಳಗೊಂದು ಸೇರಿಸಿ ಕಲೆಸಿದರೆ ಕಟ್ಟು ಚೆನ್ನಾಗಿ ಬೆರೆಯಲು ಏಳು ಸಲ ಸಾಕು ಎಂಬುದು ನನ್ನ ಮಾತಲ್ಲ, ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು. ಡಯಾಕೊನಿಸ್ ಗಣಿತಕ್ಕೆ ಬರುವ ಮುಂಚೆ ಜಾದೂಗಾರರಾಗಿದ್ದವರು, ನಮ್ಮವರೇ. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆಗೆ 68 ಅಂಕಿಗಳಿವೆ. "ನಿಮ್ಮ ಕೈಯಲ್ಲಿರುವ ಈ ಕ್ರಮ ಲೋಕದಲ್ಲಿ ಹಿಂದೆ ಯಾವತ್ತೂ ಬಂದಿರುವ ಸಂಭವವೇ ಇಲ್ಲ" ಎಂದಾಗ ಕಟ್ಟು ಹಿಡಿದವರು ಅದನ್ನು ಹಿಡಿಯುವ ರೀತಿಯೇ ಬದಲಾಗುತ್ತದೆ, ಮೊಟ್ಟೆ ಹಿಡಿದ ಹಾಗೆ.

ಒಂದು ಪೆಟ್ಟು ತಿಂದ ಪ್ರಸಂಗವನ್ನೂ ಹೇಳಬೇಕು. ಉಳಿಸಿಕೊಂಡ ಎರಡು 'ಎಲೆ ಆರಿಸುವ' ಆಟಗಳಲ್ಲಿ ಒಂದರ ಕೊನೆಗೆ, "ನಿಮ್ಮ ಎಲೆ ಯಾವುದು?" ಎಂದು ಕೇಳಿದೆ. ಆಕೆ ಬಹಳ ವಿಶ್ವಾಸದಿಂದ "ಇಸ್ಪೇಟು ನಾಲ್ಕು" ಎಂದರು. ನನ್ನ ಕೈಯಲ್ಲಿದ್ದದ್ದು ಕಳಾವರ್ ನಾಲ್ಕು. ಆಟ ಸರಿಯಾಗಿಯೇ ಇತ್ತು, ಆಕೆಗೆ ಕಳಾವರ್ ಯಾವುದು ಇಸ್ಪೇಟು ಯಾವುದು ಎಂದು ಗೊತ್ತಿರಲಿಲ್ಲ. ವೇದಿಕೆಯಲ್ಲಿ ನಿಂತು ಪ್ರೇಕ್ಷಕರನ್ನು ತಿದ್ದುವ ಜಾದೂಗಾರನಿಗಿಂತ ಬಡಪಾಯಿ ಇನ್ನೊಬ್ಬನಿಲ್ಲ. ಅದಾದ ಮೇಲೆ ಆರಿಸಿದ ಎಲೆಯ ಮೇಲೆ ದಪ್ಪ ಮಾರ್ಕರಿನಿಂದ ಸಹಿ ಹಾಕಿಸುತ್ತೇನೆ, ಸಾಲಿನ ನಾಲ್ಕು ಜನರಿಗೆ ತೋರಿಸಲು ಹೇಳುತ್ತೇನೆ. ಹೆಸರು ಹೇಳುವಾಗ ಆಟಿನ್ ಎಂದೂ ಹಾರ್ಟ್ಸ್ ಎಂದೂ ಎರಡನ್ನೂ ಸೇರಿಸಿ ಹೇಳುತ್ತೇನೆ, ವಯಸ್ಸಿನವರಿಗೆ ಮೊದಲನೆಯದು ತಿಳಿಯುತ್ತದೆ, ಹುಡುಗರಿಗೆ ಎರಡನೆಯದು.

ಕೊನೆಯ ಆಟಕ್ಕೆ ಇಟ್ಟುಕೊಂಡಿರುವುದು ಪಾಲ್ ಕರಿ 1942ರಲ್ಲಿ ಹೊರತಂದ ಉಪಾಯ. ಪ್ರೇಕ್ಷಕರೇ ಎಲೆಗಳನ್ನು ಕವುಚಿ ಹಿಡಿದು, ಮುಖ ನೋಡದೆ, ಇದು ಕೆಂಪು ಇರಬಹುದು, ಇದು ಕಪ್ಪು ಇರಬಹುದು ಎಂದು ಊಹಿಸಿ ಎರಡು ಸಾಲು ಮಾಡುತ್ತಾರೆ. ತಿರುಗಿಸಿದರೆ ಎಲ್ಲ ಕೆಂಪು ಒಂದು ಕಡೆ, ಎಲ್ಲ ಕಪ್ಪು ಇನ್ನೊಂದು ಕಡೆ. ಇದಕ್ಕೆ ನಾನು ಕರೆಯುವುದು ಇಡೀ ಸಂಜೆ ಕೈಕಟ್ಟಿ ಕೂತು "ಏನೋ ಮಸಲತ್ತಿದೆ" ಎಂದು ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದವರನ್ನು. ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ, ಮೂರನೇ ಆಟದೊಳಗೆ ಗುರುತು ಹಿಡಿದುಕೊಂಡಿರುತ್ತೇನೆ. ತಮ್ಮ ಕೈಯಾರೆ ಇಟ್ಟ ಎಲೆಗಳನ್ನು ತಾವೇ ತಿರುಗಿಸುವಾಗ ಅವರ ಕಟ್ಟಿದ ಕೈ ಬಿಚ್ಚಿಕೊಳ್ಳುತ್ತದೆ. ಚಪ್ಪಾಳೆ ಅವರಿಗೇ ಬೀಳುತ್ತದೆ, ಅವರೂ ನಾಚಿಕೊಂಡು ಬಾಗಿ ವಂದಿಸುತ್ತಾರೆ.

ಈಗ ಏಳು ಆಟ, ನಲವತ್ತೈದು ನಿಮಿಷ. ನಡುವೆ ಒಂದಕ್ಕೆ ಮಾತೇ ಇಲ್ಲ, ಸಂಗೀತ ಮತ್ತು ಬೀಸಣಿಗೆಯಂತೆ ಬಿಚ್ಚುವ ಎಲೆಗಳು ಮಾತ್ರ, ಕಿವಿಗೂ ಬಿಡುವು ಬೇಕಲ್ಲ. ಅದಕ್ಕೆ ಪ್ರತಿ ಸಲ ಹೊಸ ಕಟ್ಟು ಒಡೆಯುತ್ತೇನೆ, ತೇವ ಹಿಡಿದ ಹಳೆಯ ಎಲೆ ಒಂದಕ್ಕೊಂದು ಅಂಟಿಕೊಂಡು ಬೀಸಣಿಗೆಯ ನಡುವೆ ಹಲ್ಲು ಬಿದ್ದಂತೆ ಸಂದು ಬಿಡುತ್ತದೆ. ನಾಲ್ಕನೆಯ ಆಟ ಇನ್ನೂ ಎಳೆದಾಡುತ್ತಿದೆ. ಅದನ್ನು ಎಂಟು ನಿಮಿಷದಿಂದ ಐದಕ್ಕೆ ಇಳಿಸುವ ಕೆಲಸ ನಡೆದಿದೆ.

ಹಿರಿಯರು ಕಳೆದ ಸಲ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. "ಗಡಿಯಾರ ನೋಡಿದಿರಾ ಸರ್?" ಎಂದು ಕೇಳಿದೆ. "ಎರಡು ಸಲ. ನಾಲ್ಕನೆಯದರಲ್ಲಿ" ಎಂದರು.

ಎಂಟು ವರ್ಷದೊಳಗಿನ ಮಕ್ಕಳೇ ಹೆಚ್ಚಿರುವ ಕಡೆಗೆ ಮಾತ್ರ ಈ ಪ್ರದರ್ಶನ ಒಯ್ಯುವುದಿಲ್ಲ. ರಾಣಿ ಯಾರು, ಗುಲಾಮ ಯಾರು ಎಂದೇ ತಿಳಿಯದವರಿಗೆ ರಾಣಿ ಹೋಗಿ ಗುಲಾಮ ಬಂದರೇನು? ಆ ದಿನ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಕೆಳಗಿಳಿಯುತ್ತದೆ, ಹಗ್ಗ, ಸ್ಪಂಜಿನ ಚೆಂಡು ಎಲ್ಲ ಹೊರಗೆ ಬರುತ್ತವೆ. ಕಟ್ಟೊಂದು ಜೇಬಿನಲ್ಲಿ ಇದ್ದೇ ಇರುತ್ತದೆ, ಹೋಗುತ್ತ ಬಸ್ಸಿನಲ್ಲಿ ಕಲೆಸಲು.