ಸಿಂಗಾಪುರದಲ್ಲಿ ಕನ್ನಡ ನಾಟಕ: ಒಂದು ಪಾತ್ರಕ್ಕೆ ಇಬ್ಬರು, ಮೂರು ಶೋ

"ಒಂದು ಪಾತ್ರಕ್ಕೆ ಇಬ್ಬರಾ? ಜಗಳ ಗ್ಯಾರಂಟಿ ಬಿಡಿ" ಅಂದವರೇ ಈ ಸಲ ಕೊನೆಯ ಶೋಗೆ ಟಿಕೆಟ್ ಸಿಗದೆ ನನಗೆ ಫೋನ್ ಮಾಡಿದರು. ಅದಕ್ಕೇ ಬರೆಯುತ್ತಿದ್ದೇನೆ. ಹವ್ಯಾಸಿ ತಂಡ ಕಟ್ಟಿದವರಿಗೆ ತಾಲೀಮು, ಬ್ಲಾಕಿಂಗ್ (ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು) ಎಲ್ಲ ಗೊತ್ತೇ ಇರುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ಮೊದಲೆಲ್ಲ ನಮ್ಮದು ಎಲ್ಲರ ದಾರಿಯೇ. ರಾಜ್ಯೋತ್ಸವದ ಸಂಜೆ ಐನೂರು ಸೀಟಿನ ಹಾಲ್, ಕಾಲರ್ ಮೈಕ್, ಉಚಿತ ಪಾಸ್. ಭಾಷಣ, ಸನ್ಮಾನ, ಮಕ್ಕಳ ಡ್ಯಾನ್ಸ್ ಎಲ್ಲ ಮುಗಿದು ನಾಟಕ ಶುರುವಾಗುವಾಗ ಒಂಬತ್ತು ಗಂಟೆ. ಹತ್ತೂವರೆಯ ಹೊತ್ತಿಗೆ ಜನ ಎಂಆರ್‌ಟಿ ರೈಲು ಹಿಡಿಯಲು ಏಳುತ್ತಿದ್ದರು. ಬೆವರು ಇಳಿದು ಮೈಕ್ ಗೊರಗೊರ ಅನ್ನುತ್ತಿತ್ತು. ಹಾಲ್, ಸೌಂಡ್, ಲೈಟ್ ಸೇರಿ 6,000 ಡಾಲರ್ ದಾಟುತ್ತಿತ್ತು. ಅದರಲ್ಲಿ ಎರಡು ಸಾವಿರದಷ್ಟು ನಮ್ಮ ಜೇಬಿನಿಂದಲೇ. ಇಲ್ಲಿ ಚೀನೀಯರ ಏಳನೇ ತಿಂಗಳಲ್ಲಿ ನಡೆಯುವ ಗೆಟಾಯ್ ಹಾಡಿನ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲನ್ನು ಪ್ರೇತಗಳಿಗೆ ಅಂತ ಖಾಲಿ ಬಿಡುತ್ತಾರೆ. ನಮ್ಮಲ್ಲೂ ಮುಂದಿನ ಸಾಲು ಖಾಲಿಯೇ, ಬಾರದ ಪ್ರಾಯೋಜಕರಿಗೆ!

ಆದರೆ ದುಡ್ಡಿಗಿಂತ ದೊಡ್ಡ ತಲೆನೋವು ನಟರದ್ದು. ಇಲ್ಲಿಯ ಕನ್ನಡಿಗರಲ್ಲಿ ಐಟಿ, ಬ್ಯಾಂಕ್ ಕೆಲಸದವರು ಜಾಸ್ತಿ. ಶೋಗೆ ವಾರ ಇರುವಾಗ ನಾಯಕನನ್ನು ಜಕಾರ್ತಾಗೆ ಕಳಿಸಿಬಿಡುತ್ತಾರೆ. ಕೆಲಸ ಹೋದರಂತೂ ಇಲ್ಲಿರಲು ಕೊಟ್ಟ ಕೆಲಸದ ಪಾಸ್ ರದ್ದು, ಸಾಮಾನ್ಯವಾಗಿ ತಿಂಗಳೊಳಗೆ ಊರು ಬಿಡಬೇಕು. ಒಂದು ವರ್ಷ ಮಾವನ ಪಾತ್ರದವರು ಹಾಗೆ ಹೊರಟರು. ಕೈಯಲ್ಲಿ ಹಾಳೆ ಹಿಡಿದು ನಾನೇ ಆ ಪಾತ್ರ ಮಾಡಿದೆ. ಜನ ನಕ್ಕರು, ನಗಬಾರದ ಕಡೆ.

ಆಮೇಲೆ ಹಟಕ್ಕೆ ಬಿದ್ದು ಪೂರ್ತಿ ಬದಲಾಯಿಸಿದೆ. ನೂರು ಸೀಟಿನ ಪುಟ್ಟ, ಕಪ್ಪು ಗೋಡೆಯ ರಂಗಕೋಣೆ, ಅಂದರೆ ಬ್ಲ್ಯಾಕ್‌ಬಾಕ್ಸ್. ಮೈಕ್ ಇಲ್ಲ. ಶನಿವಾರ ಸಂಜೆ ಒಂದು ಶೋ, ಭಾನುವಾರ ಎರಡು. ಪ್ರತಿ ಪಾತ್ರಕ್ಕೂ ಜೋಡಿ. ಮೊದಲ ಶೋ ಒಬ್ಬರದು, ಎರಡನೆಯದು ಇನ್ನೊಬ್ಬರದು, ಮೂರನೆಯದಕ್ಕೆ ಕಲಸುಮೇಲೋಗರ. ಆಡದವರು ಪ್ರಾಂಪ್ಟಿಂಗ್, ಸೆಟ್, ಬಾಗಿಲು ನೋಡಿಕೊಳ್ಳಬೇಕು. ಜಗಳ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಅದರಿಂದ ಲಾಭವೇ ಆಯಿತು. ಪಕ್ಕದವನು ಹೇಗೆ ಮಾಡುತ್ತಾನೆ ಅಂತ ನೋಡಲು ಎಲ್ಲರೂ ತಾಲೀಮಿಗೆ ತಪ್ಪದೆ ಬಂದರು.

ಜೋಡಿ ಮಾಡುವುದರಲ್ಲೇ ಇರುವುದು ಗುಟ್ಟು. ಒಂದೇ ಕಂಪನಿಯ ಇಬ್ಬರನ್ನು ಜೋಡಿ ಮಾಡಲೇಬೇಡಿ, ಪ್ರಾಜೆಕ್ಟ್ ಬಂದರೆ ಇಬ್ಬರೂ ಒಟ್ಟಿಗೆ ಮಾಯ. ಮನೆಯಲ್ಲಿ ಪಿಎಸ್‌ಎಲ್‌ಇ (ಆರನೇ ಕ್ಲಾಸಿನ ದೊಡ್ಡ ಪರೀಕ್ಷೆ) ಬರೆಯುವ ಮಗು ಇರುವ ಇಬ್ಬರು ತಾಯಂದಿರನ್ನೂ ಜೋಡಿ ಮಾಡಬಾರದು. ಸೆಪ್ಟೆಂಬರ್ ಕೊನೆಯಲ್ಲಿ ಅವರು ಯಾರ ಕೈಗೂ ಸಿಗುವುದಿಲ್ಲ. ಇನ್ನೊಂದು ನಿಯಮವೂ ಇದೆ. ಅದನ್ನು ಬರೆದರೆ ನಮ್ಮ ತಂಡದವರೇ ನನ್ನ ಮೇಲೆ ಬೀಳುತ್ತಾರೆ, ಬೇಡ.

ತಾಲೀಮು ಭಾನುವಾರ ಬೆಳಿಗ್ಗೆ ಏಳಕ್ಕೆ. "ಯಾರು ಬರ್ತಾರೆ ಸಾರ್?" ಅಂದರು. ಇಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದೇ ಏಳರ ಆಸುಪಾಸು, ತಂಪಿರುವುದು ಆಗ ಮಾತ್ರ. ಹತ್ತರ ಮೇಲೆ ಬಾಯಿಗಿಂತ ಬೆನ್ನಿನ ಬೆವರೇ ಹೆಚ್ಚು ಮಾತಾಡುತ್ತದೆ. ಒಂದಷ್ಟು ವಾರ ಈಸ್ಟ್ ಕೋಸ್ಟ್ ಪಾರ್ಕಿನ ಚಪ್ಪರದ ಕೆಳಗೆ, ಕಡಲ ಗಾಳಿಗೆ ಎದುರಾಗಿ ಮಾತು ಹೇಳಿಸಿದೆ. ಮೈಕ್ ಬಿಟ್ಟ ಧೈರ್ಯ ಅಲ್ಲಿಂದಲೇ ಬಂತು. ಮುಂಜಾನೆ ಸುಮಾತ್ರಾ ಕಡೆಯಿಂದ ಗಾಳಿಮಳೆ ನುಗ್ಗಿದರೆ ಮಾತ್ರ ಏನೂ ಮಾಡುವ ಹಾಗಿಲ್ಲ, ಕಿಚಡಿ ತಿಂದು ಕೂರುವುದೇ.

ಇನ್ನು ಮೀಸೆ. ದಾವಣಗೆರೆಯಿಂದ ಮಗನ ಎಚ್‌ಡಿಬಿ (ಇಲ್ಲಿಯ ಸರ್ಕಾರಿ ವಸತಿ) ಫ್ಲ್ಯಾಟಿಗೆ ಬಂದ ಅಪ್ಪನ ಕತೆ ನಮ್ಮದು, ನಾವೇ ಬರೆದದ್ದು. ಮೀಸೆಯಿಲ್ಲದೆ ಆ ಅಪ್ಪ ನಿಲ್ಲುವುದಿಲ್ಲ. ಈ ಹವೆಯಲ್ಲಿ ಸ್ಪಿರಿಟ್ ಗಮ್ ಅನ್ನುವ ಮೇಕಪ್ ಅಂಟು ಹಚ್ಚಿದರೆ ಅರ್ಧ ಗಂಟೆಗೆ ಒಂದು ತುದಿ ಇಳಿಬೀಳುತ್ತದೆ. ಡಬಲ್ ಟೇಪ್ ಹಾಕಿದೆವು, ನಗುವಾಗ ಕಿತ್ತು ಬಂತು. ಒಬ್ಬರಿಗೆ ನಿಜವಾದ ಮೀಸೆ ಬಿಡಿ ಅಂದರೆ ಹೆಂಡತಿ ಒಪ್ಪಲಿಲ್ಲ. ಈಗ ಹಚ್ಚುವ ವಸ್ತು ಮುಸ್ತಫಾ ಅಂಗಡಿಯಲ್ಲಿ ನಾಲ್ಕು ಡಾಲರ್ ಒಳಗೆ ಸಿಗುತ್ತದೆ. ಹೆಸರು ಹೇಳುವುದಿಲ್ಲ, ಹುಡುಕಿಕೊಳ್ಳಿ.

ಅಪ್ಪನ ಕನಸಿನ ದೃಶ್ಯಕ್ಕೆ ಯಕ್ಷಗಾನದ ಕಿರೀಟ ಬೇಕಾಯಿತು. ಊರಿಂದ ತರಿಸಿದರೆ ಲಗೇಜಿಗೇ ದುಡ್ಡು. ಫೋಮ್ ಶೀಟ್ ಕತ್ತರಿಸಿ ಬಂಗಾರದ ಕಾಗದ ಅಂಟಿಸಿದೆ, ತೇವಕ್ಕೆ ಮೂರೇ ದಿನದಲ್ಲಿ ಎದ್ದು ಬಂತು. ಕಾಗದ ಬಿಟ್ಟು ಅಕ್ರಿಲಿಕ್ ಬಳಿದೆ. ಕಾಲು ಕಿಲೋ ತೂಗಿರಬಹುದು. ನಾಟಕಕ್ಕಿಂತ ಜಾಸ್ತಿ ಫೋಟೋ ಅದರದ್ದೇ ಬಂತು. ಆಮೇಲೆ ಹಿಡಿಂಬನ ಗದೆ, ಎದೆಕಟ್ಟು ಅಂತ ಮಾಡುತ್ತಾ ಕೂತೆ, ನಾಟಕಕ್ಕೆ ಅದು ಬೇಕಿರಲೇ ಇಲ್ಲ. ಮನೆಯ ಸ್ಟೋರ್‌ರೂಮ್ ತುಂಬಿದೆ.

ನಾಟಕ ಆಡಲು ಬೇಕಾದ ಲೈಸೆನ್ಸಿಗೆ ಕನ್ನಡ ಸ್ಕ್ರಿಪ್ಟಿನ ಜೊತೆ ಇಂಗ್ಲಿಷ್ ಸಾರಾಂಶ ಕೊಟ್ಟೆವು. ಅದನ್ನು ಬೇಗ ಶುರು ಮಾಡಿ, ಅಷ್ಟೇ.

ಲೆಕ್ಕ ಹೇಳುತ್ತೇನೆ, ನೆನಪಿದ್ದಷ್ಟು. ಜಾಗದ ಬಾಡಿಗೆ ಎರಡು ಸಾವಿರದ ಮೇಲೆ ಸ್ವಲ್ಪ, ಲೈಟಿನವರಿಗೆ 500, ವ್ಯಾನ್ ಮತ್ತು ಸೆಟ್ 400, ಬಟ್ಟೆ 300, ಊಟ ತಿಂಡಿ 500 (ಇಡ್ಲಿ ನಂಬಿಯೇ ತಂಡ ನಡೆಯುವುದು). ಸೋಫಾ ನಮ್ಮ ಮನೆಯದೇ, ಎರಡು ದಿನ ನಾವು ನೆಲದ ಮೇಲೆ ಕೂತೆವು. ಟಿಕೆಟ್ 18 ಡಾಲರ್, ಪಾಸ್ ಯಾರಿಗೂ ಇಲ್ಲ, ನಮ್ಮ ಅತ್ತೆಗೂ ಇಲ್ಲ. ಬಂದದ್ದು 4,800 ಆಸುಪಾಸು. ಕೈಯಿಂದ ಹಾಕದೆ ಮುಗಿದ ಮೊದಲ ನಾಟಕ ಇದು.

ಬೆಂಗಳೂರಿನ ರಂಗಶಂಕರದ ಹಾಗೆ ಏಳೂವರೆ ಆದರೆ ಬಾಗಿಲು ಬಂದ್ ಅಂತ ಬೋರ್ಡ್ ಹಾಕಿದಾಗ ಎಲ್ಲರೂ ನಕ್ಕಿದ್ದರು. ಮೊದಲ ಶೋದಲ್ಲಿ ಏಳೆಂಟು ಮಂದಿ ಹೊರಗೇ ಉಳಿದರು. ಅದರಲ್ಲಿ ನಮ್ಮ ಹಿರಿಯರೊಬ್ಬರು. ನನ್ನನ್ನು ಬೈದರು, ನಾನು ಸುಮ್ನೆ ಕೈಮುಗಿದು ಮಾರನೆಯ ದಿನದ ಟಿಕೆಟ್ ಕೊಟ್ಟೆ. ಭಾನುವಾರ ರಾತ್ರಿ ಏಳು ಇಪ್ಪತ್ತಕ್ಕೇ ಸೀಟು ತುಂಬಿತ್ತು, ಆ ಹಿರಿಯರು ಎರಡನೇ ಸಾಲಿನಲ್ಲಿದ್ದರು.

ಮುಂದಿನ ನಾಟಕದ ಅಜ್ಜಿ ಪಾತ್ರಕ್ಕೆ ಒಬ್ಬರು ಸಿಕ್ಕಿದ್ದಾರೆ, ಜೋಡಿ ಇನ್ನೂ ಸಿಕ್ಕಿಲ್ಲ. ಸಿಂಗಾಪುರದಲ್ಲಿದ್ದೀರಾ, ಭಾನುವಾರ ಬೆಳಿಗ್ಗೆ ಎಚ್ಚರ ಇರುತ್ತದಾ, ಆ ಮೊದಲನೆಯವರ ಕಂಪನಿಯಲ್ಲಿ ಕೆಲಸ ಮಾಡುತ್ತಿಲ್ಲ ತಾನೇ? ಹಾಗಾದರೆ ಬನ್ನಿ.